ಕುಕ್ಕರ್ ಕೂಗಿದಾಗ ನಿಂತುಹೋದ ಮಾತು

ಪ್ರಶ್ನೆ: ನನಗೆ 37 ವರ್ಷ. ಹನ್ನೊಂದು ವರ್ಷ ನೆದರ್‌ಲ್ಯಾಂಡ್ಸ್‌ನಲ್ಲಿದ್ದೆ. ಆಲ್ಮೇರೆ ಅನ್ನುವ ಊರಿನಲ್ಲಿ ಬಾಡಿಗೆ ಮನೆ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೆಲಸ. 72 ವರ್ಷದ ಅಪ್ಪಯ್ಯ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು ಅಂತ ಏಳು ತಿಂಗಳ ಹಿಂದೆ ಸಾಗರದ ಹತ್ತಿರದ ನಮ್ಮ ಊರಿಗೆ ವಾಪಸ್ ಬಂದೆ. ಈಗ ಮನೆಯಿಂದಲೇ ಕೆಲಸ. ಆದರೆ ಇಲ್ಲಿ ಯಾರ ಜೊತೆಗೂ ಮಾತು ಬೆಳೆಯುವುದೇ ಇಲ್ಲ. ಅಣ್ಣನಿಗೆ ಅಡಿಕೆ ರೇಟು, ಅತ್ತಿಗೆಗೆ ಯಾರ ಮನೆಯಲ್ಲಿ ಯಾವ ಮದುವೆ ಅನ್ನುವುದು. ಅಪ್ಪಯ್ಯನಿಗೆ ಅಲ್ಲಿನ ಫೋಟೋ ತೋರಿಸಿದರೆ "ಚಂದ ಇದೆ" ಅಂತ ಫೋನ್ ವಾಪಸ್ ಕೊಡುತ್ತಾರೆ. ಶರಾವತಿ ಮುಳುಗಡೆಯಿಂದ ಎದ್ದು ಬಂದ ಮನೆ ನಮ್ಮದು, ಅದು ಬಿಟ್ಟರೆ ಅವರಿಗೆ ಬೇರೆ ಪ್ರಪಂಚವೇ ಇಲ್ಲ. ಸೇತುವೆ ಆದ ಮೇಲೆ ಶರಾವತಿ ಹಿನ್ನೀರಿನ ಆಚೆ ದಡದ ತುಮರಿಯಲ್ಲಿರುವ ಬಾಲ್ಯದ ಗೆಳತಿಯ ಮನೆಗೆ ಹೋಗಿದ್ದೆ. ನೆದರ್‌ಲ್ಯಾಂಡ್ಸ್‌ನ ಮೊದಲ ಚಳಿಗಾಲ ಹೇಗೆ ಕಳೆದೆ ಅಂತ ಮನಸ್ಸು ಬಿಚ್ಚಿ ಹೇಳುತ್ತಿದ್ದೆ. ಕುಕ್ಕರ್ ಕೂಗಿತು. ಅವಳು ಎದ್ದು ಹೋದಳು. ಬಂದವಳು ಬೇರೆ ಮಾತು ತೆಗೆದಳು. ವಾಪಸ್ ಬರುವ ದಾರಿಯುದ್ದಕ್ಕೂ ಅತ್ತೆ. ಜಗತ್ತು ನೋಡದವರ ಜೊತೆ ಏನು ಮಾತಾಡುವುದು? ಹೀಗೆ ಯೋಚಿಸುವುದಕ್ಕೇ ನಾಚಿಕೆ ಆಗುತ್ತದೆ. ತಿರುಗಿ ಹೋಗಿಬಿಡಲಾ?

— ಹೆಸರು ಬೇಡ, ಸಾಗರ ತಾಲ್ಲೂಕು

ಉತ್ತರ: ಮೊದಲು ಆ ನಾಚಿಕೆಯನ್ನು ಪಕ್ಕಕ್ಕಿಡಿ. ನಾನು ಶಿವಮೊಗ್ಗದಲ್ಲಿ ಆಪ್ತಸಮಾಲೋಚಕಿ. ಹೊರದೇಶದಿಂದ ವಾಪಸ್ ಬಂದವರು ನನ್ನೆದುರು ಕೂತು ಹೇಳುವ ಮೊದಲ ಮಾತು ಹೆಚ್ಚುಕಮ್ಮಿ ಇದೇ. ಯಾರೂ ಜಂಬದಲ್ಲಿ ಹೇಳುವುದಿಲ್ಲ. ದನಿ ತಗ್ಗಿಸಿ, ತಪ್ಪು ಒಪ್ಪಿಕೊಳ್ಳುವವರ ಹಾಗೆ ಹೇಳುತ್ತಾರೆ. ನಿಮ್ಮ ಪತ್ರದಲ್ಲೂ ಅದೇ ದನಿ ಕೇಳಿಸಿತು.

ಬೇರೆ ದೇಶಕ್ಕೆ ಹೋದಾಗ ಆಗುವ ತಳಮಳಕ್ಕೆ ‘ಕಲ್ಚರ್ ಶಾಕ್’ ಅನ್ನುತ್ತಾರೆ. ಆ ಮಾತನ್ನು 1950ರ ದಶಕದಲ್ಲಿ ಬಳಕೆಗೆ ತಂದವರು ಓಬರ್ಗ್ ಅನ್ನುವ ಮಾನವಶಾಸ್ತ್ರಜ್ಞ. ವಾಪಸ್ ಬಂದಾಗಲೂ ಅದೇ ತಳಮಳ ಇನ್ನೊಂದು ಸುತ್ತು ಬರುತ್ತದೆ ಅಂತ 1963ರಲ್ಲಿ ಗುಲ್ಲಾಹಾರ್ನ್ ದಂಪತಿ ಬರೆದರು. ಆದರೆ ನಿಮ್ಮ ಸ್ಥಿತಿಗೆ ಇವರಿಗಿಂತ ಹತ್ತಿರ ಬರುವವರು ಆಲ್ಫ್ರೆಡ್ ಶುಟ್ಜ್. ಅವರು ಆಸ್ಟ್ರಿಯಾದವರು. ನಾಜಿಗಳ ಕಾಟಕ್ಕೆ ದೇಶ ಬಿಟ್ಟು 1939ರಲ್ಲಿ ಅಮೆರಿಕ ಸೇರಿದರು. 1944ರಲ್ಲಿ ಹೊಸ ಊರಿಗೆ ಬಂದ ಅಪರಿಚಿತನ ಬಗ್ಗೆ ಒಂದು ಪ್ರಬಂಧ ಬರೆದರು, ಮರುವರ್ಷ ಮನೆಗೆ ಮರಳಿದವನ ಬಗ್ಗೆ ಇನ್ನೊಂದು. ಯುದ್ಧ ಮುಗಿಸಿ ಸೈನಿಕರು ಮನೆಗೆ ಬರುತ್ತಿದ್ದ ಕಾಲ ಅದು. ಅವರು ಹೇಳಿದ್ದರ ಸಾರ ಇಷ್ಟು. ಹೊಸ ಊರಿಗೆ ಹೋದವನಿಗೆ ಅಲ್ಲಿ ಏನೂ ಗೊತ್ತಿಲ್ಲ ಅಂತ ಗೊತ್ತಿರುತ್ತದೆ, ಅದಕ್ಕೆ ತಯಾರಾಗಿ ಹೋಗುತ್ತಾನೆ. ಮನೆಗೆ ಬರುವವನು ಎಲ್ಲಾ ಗೊತ್ತು ಅಂದುಕೊಂಡು ಬರುತ್ತಾನೆ. ಅದಕ್ಕೇ ಅವನಿಗೆ ಪೆಟ್ಟು ಜಾಸ್ತಿ. ಬಂದವನೂ ಬದಲಾಗಿರುತ್ತಾನೆ, ಮನೆಯೂ ಬದಲಾಗಿರುತ್ತದೆ. ಎರಡೂ ಕಡೆಯವರು ಹಳೆಯ ಲೆಕ್ಕದಲ್ಲೇ ಮಾತಾಡುತ್ತಿರುತ್ತಾರೆ.

ಇದಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ. ಆಲ್ಮೇರೆಯಲ್ಲಿ ನೀವು ತಪ್ಪು ಮಾಡಿದರೆ "ಪಾಪ, ಹೊಸಬಳು" ಅಂತ ಯಾರೋ ತಿದ್ದಿರುತ್ತಾರೆ. ಇಲ್ಲಿ ಆ ರಿಯಾಯಿತಿ ಸಿಗುವುದಿಲ್ಲ. ನೀವು ಈ ಮನೆ ಮಗಳು. ನಿಮಗೆ ಎಲ್ಲಾ ಗೊತ್ತಿರಬೇಕು ಅಂತ ಅವರೂ ಅಂದುಕೊಂಡಿದ್ದಾರೆ, ನೀವೂ ಅಂದುಕೊಂಡಿದ್ದೀರಿ.

ಈಗ ಆ ಕುಕ್ಕರ್ ವಿಷಯ. ಪತ್ರದಲ್ಲಿ ಅದನ್ನೇ ನಾನು ಎರಡು ಮೂರು ಸಲ ಓದಿದೆ.

2014ರಲ್ಲಿ ಕೂನಿ, ಗಿಲ್ಬರ್ಟ್ ಮತ್ತು ವಿಲ್ಸನ್ ಅನ್ನುವ ಮೂವರು ಸಂಶೋಧಕರು ಅಮೆರಿಕದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ನಾಲ್ಕು ನಾಲ್ಕು ಜನರ ಗುಂಪು. ಒಬ್ಬರಿಗೆ ಬೀದಿಯಲ್ಲಿ ಜಾದೂ ಮಾಡುವವನ ಒಳ್ಳೆಯ ವಿಡಿಯೋ, ಉಳಿದ ಮೂವರಿಗೆ ಸಾಧಾರಣವಾದ ಒಂದು ಕಾರ್ಟೂನು. ಆಮೇಲೆ ನಾಲ್ವರನ್ನೂ ಐದು ನಿಮಿಷ ಮಾತಿಗೆ ಕೂರಿಸಿದರು. ಒಳ್ಳೆಯದು ನೋಡಿದವನೇ ಖುಷಿಯಾಗಿರುತ್ತಾನೆ ಅಂತ ಯಾರಾದರೂ ಹೇಳುತ್ತಾರೆ, ಅಲ್ವಾ? ಆದರೆ ಮಾತು ಮುಗಿದಾಗ ಬೇಜಾರಾಗಿದ್ದವನು ಅವನೇ. ಮೂವರಿಗೂ ಹಂಚಿಕೊಳ್ಳಲು ಒಂದೇ ವಿಷಯ ಇತ್ತು, ಇವನು ಹೊರಗೆ ಉಳಿದ. ಅದೇ ತಂಡ 2017ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕೇಳುವವರಿಗೆ ಗೊತ್ತೇ ಇಲ್ಲದ್ದನ್ನು ಹೇಳಿದರೆ ಚೆನ್ನಾಗಿ ಕೇಳುತ್ತಾರೆ ಅಂತ ಹೇಳುವವರು ನಂಬಿರುತ್ತಾರೆ. ಹಾಗಾಗಲಿಲ್ಲ. ಗೊತ್ತಿರುವ ವಿಷಯವನ್ನೇ ಕೇಳುವವರು ಜಾಸ್ತಿ ಇಷ್ಟಪಟ್ಟರು. ಯಾಕೆ? ನಾವು ಮಾತಾಡುವಾಗ ಅರ್ಧಕ್ಕರ್ಧ ವಿಷಯ ಬಿಟ್ಟೇ ಹೇಳುತ್ತೇವೆ. ಅಲ್ಲಿಗೆ ಹೋಗಿ ಬಂದವರು ಆ ಖಾಲಿ ಜಾಗವನ್ನು ತಾವೇ ತುಂಬಿಕೊಳ್ಳುತ್ತಾರೆ. ಹೋಗದವರು ಅಲ್ಲೇ ಎಡವುತ್ತಾರೆ.

ಒಂದು ವಿಡಿಯೋಗೂ ಹನ್ನೊಂದು ವರ್ಷದ ಬದುಕಿಗೂ ಅಜಗಜಾಂತರ, ಗೊತ್ತು. ಆದರೂ ತುಮರಿಯ ಆ ಅಡುಗೆಮನೆಯಲ್ಲಿ ಆಗಿದ್ದು ಇದೇ ಅಂತ ನನಗನ್ನಿಸುತ್ತದೆ. "ಮೊದಲ ಚಳಿಗಾಲ" ಅಂದಾಗ ನಿಮ್ಮ ಕಣ್ಣ ಮುಂದೆ ಎಲ್ಲಾ ಬಂದಿರುತ್ತದೆ. ಬೆಳಿಗ್ಗೆ ಎಂಟೂವರೆ ದಾಟಿದರೂ ಹರಿಯದ ಬೆಳಕು, ಸಂಜೆ ನಾಲ್ಕೂವರೆಗೇ ಕವಿಯುವ ಕತ್ತಲೆ, ಎದುರುಗಾಳಿಗೆ ಸೈಕಲ್ ತುಳಿದು ಮರಗಟ್ಟಿದ ಬೆರಳು. ಅವಳ ಕಣ್ಣ ಮುಂದೆ ಏನಿತ್ತು? ಹಿಮ, ಕೋಟು ಹಾಕಿದ ಜನ, ಯಾವುದೋ ಸಿನಿಮಾದ ದೃಶ್ಯ. ನೀವು ದುಃಖ ಹೇಳುತ್ತಿದ್ದಿರಿ, ಅವಳಿಗೆ ಅದು ಪ್ರವಾಸದ ಕಥೆ ಹಾಗೆ ಕೇಳಿಸಿತು. ಅದನ್ನೇ ಹೀಗೆ ಹೇಳಿ ನೋಡಿ: "ಪುನರ್ವಸು ಮಳೇಲಿ ಹದಿನೈದು ದಿನ ಸೂರ್ಯನೇ ಕಾಣದೆ ಇರ್ತಾನಲ್ಲ, ಬಟ್ಟೆಯೆಲ್ಲ ಮುಗ್ಗಲು ವಾಸನೆ, ಯಾರ ಹತ್ರನೂ ಮಾತು ಬೇಡ ಅನ್ಸತ್ತಲ್ಲ, ಹಂಗೆ ನಾಲ್ಕು ತಿಂಗಳು ಕಣೆ. ಅದೂ ಒಬ್ಬಳೇ." ಇಷ್ಟು ಹೇಳಿದರೆ ಸಾಕು. ಉಳಿದದ್ದನ್ನು ಅವಳೇ ತುಂಬಿಕೊಳ್ಳುತ್ತಾಳೆ. ಮಳೆಗಾಲದ ಮನಸ್ಸು ಅವಳಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಇದು ನನಗೆ ಪುಸ್ತಕದಿಂದ ಬಂದ ತಿಳುವಳಿಕೆ ಅಲ್ಲ. ಇಂಗ್ಲೆಂಡಿನಲ್ಲಿ ಎರಡು ವರ್ಷ ಓದಿ ಬಂದಾಗ ನಾನು ಅಮ್ಮನಿಗೆ ಅಲ್ಲಿನ ಲೈಬ್ರರಿ, ಪಾರ್ಕು, ಹಳೆಯ ಕಟ್ಟಡ ಎಲ್ಲಾ ವರ್ಣಿಸಿದೆ. ಅಮ್ಮ ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಒದ್ದೆ ಲಂಗ ತಿರುವಿ ಹಾಕುತ್ತಾ ಕೇಳಿದ ಪ್ರಶ್ನೆ ಒಂದೇ. "ಅಲ್ಲಿ ಅಷ್ಟು ಮಳೆ ಅಂತೀಯಲ್ಲ, ಬಟ್ಟೆ ಎಲ್ಲಿ ಒಣಗಿಸ್ತಾರೆ?" ನನಗೆ ರೇಗಿತು. ಇಷ್ಟೆಲ್ಲಾ ಹೇಳಿದರೆ ಇವಳಿಗೆ ಬಟ್ಟೆಯೇ ಕಾಣಿಸಿತಾ ಅಂತ. "ಎಲ್ಲೋ ಒಣಗಿಸ್ತಾರೆ ಬಿಡು" ಅಂದುಬಿಟ್ಟೆ. ಅಮ್ಮ ಮತ್ತೆ ಏನೂ ಕೇಳಲಿಲ್ಲ. ಅದು ಎಂಥಾ ಒಳ್ಳೆಯ ಪ್ರಶ್ನೆಯಾಗಿತ್ತು ಅಂತ ಗೊತ್ತಾಗುವ ಹೊತ್ತಿಗೆ ಬಹಳ ತಡವಾಗಿತ್ತು. ಅಲ್ಲಿ ನನ್ನ ಒಂದೇ ಕೋಣೆಯ ಮನೆಯಲ್ಲಿ ಕುರ್ಚಿ, ಬಾಗಿಲು, ಕಾಟು ಎಲ್ಲದರ ಮೇಲೂ ಬಟ್ಟೆ ಹರವಿ, ಅದರ ಮಧ್ಯೆ ಕೂತು ಊರಿನ ನೆನಪಾಗಿ ಅಳುತ್ತಿದ್ದೆ. ಅಮ್ಮನ ಪ್ರಶ್ನೆ ನೇರವಾಗಿ ಆ ಕೋಣೆಯ ಬಾಗಿಲನ್ನೇ ತಟ್ಟಿತ್ತು. ನಾನು ತೆಗೆಯಲಿಲ್ಲ.

ಹಾಗಾಗಿ ನಿಮ್ಮ ಮನೆಯವರು "ಸಂಬಳ ಎಷ್ಟು", "ಅಲ್ಲಿ ಅಕ್ಕಿ ಸಿಗುತ್ತಾ", "ಮನೆ ಬಾಡಿಗೆ ಎಷ್ಟು" ಅಂತ ಕೇಳಿದರೆ ಸಣ್ಣ ಪ್ರಶ್ನೆ ಅಂದುಕೊಳ್ಳಬೇಡಿ. ಅವರಿಗೆ ಗೊತ್ತಿರುವ ದಾರಿಯಲ್ಲಿ ನಿಮ್ಮ ಹತ್ತಿರ ಬರುತ್ತಿದ್ದಾರೆ.

ಅಪ್ಪಯ್ಯನ ಬಗ್ಗೆ ನೀವು ಬರೆದದ್ದು ನನ್ನನ್ನು ಹಿಡಿದು ನಿಲ್ಲಿಸಿತು. ಮುಳುಗಡೆ ಬಿಟ್ಟರೆ ಅವರಿಗೆ ಬೇರೆ ಪ್ರಪಂಚವೇ ಇಲ್ಲ ಅಂತ ಸುಮ್ನೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಸ್ವಲ್ಪ ನಿಲ್ಲಿ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಪ್ಪಯ್ಯ ಆಗ ಹತ್ತು ಹನ್ನೊಂದು ವರ್ಷದ ಹುಡುಗ, ಊರು ಬಿಡುವಾಗ ಇನ್ನೂ ಚಿಕ್ಕವರಿದ್ದಿರಬಹುದು. ಮುಳುಗಡೆಯವರ ಮನೆಗಳಲ್ಲಿ ಕೂತು ನಾನು ಮಾತು ಕೇಳಿದ್ದೇನೆ. ಹೆಂಚು, ಬಾಗಿಲು, ಕಂಬ ಬಿಚ್ಚಿ ಲಾರಿಗೆ ಹೇರಿಕೊಂಡು ಬಂದದ್ದು, ದನಗಳು ಹಳೆಯ ಊರಿನ ದಿಕ್ಕಿಗೇ ಮುಖ ಮಾಡಿ ನಿಲ್ಲುತ್ತಿದ್ದದ್ದು. ಒಬ್ಬ ಅಜ್ಜಿ ಬಾವಿಗೆ ಕೊಡ ಇಳಿಸುತ್ತಿದ್ದವರು ತಡೆದು, "ನಮ್ಮ ಬಾವಿ ಈಗ ನೀರಿನ ಕೆಳಗಿದೆ" ಅಂದರು. ಬಾವಿಯೇ ನೀರಿನ ಕೆಳಗೆ. ಅವರ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ನೀವು ಬಿಟ್ಟು ಹೋದ ಊರು ನಿಮಗೆ ಸಿಗುತ್ತಿಲ್ಲ ಅಂತ ಅಳುತ್ತಿದ್ದೀರಿ. ನಿಮ್ಮ ಮನೆಯಲ್ಲೇ, ನಡುಮನೆಯ ಮಂಚದ ಮೇಲೆ, ಬಿಟ್ಟು ಬಂದ ಊರು ಅರವತ್ತು ವರ್ಷದಿಂದ ಸಿಗದೆ ಇರುವ ಒಬ್ಬರು ಮಲಗಿದ್ದಾರೆ. ಅವರು ಪಾಸ್‌ಪೋರ್ಟ್ ಮಾಡಿಸಿಲ್ಲ ನಿಜ. ಆದರೆ ಹೊಸ ಜಾಗದಲ್ಲಿ ಹೊಸಬರಾಗಿ, "ಮುಳುಗಡೆಯವರು" ಅಂತ ಕರೆಸಿಕೊಂಡು ಬದುಕುವುದು ಏನು ಅಂತ ಈ ಜಿಲ್ಲೆಯಲ್ಲಿ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವರಿಗೆ ನೀವು ಯಾವ ಫೋಟೋ ತೋರಿಸಿದಿರಿ? ಟುಲಿಪ್ ತೋಟ, ಕಾಲುವೆ, ಸೈಕಲ್ ಸಾಲು ಇರಬಹುದು. ಅದಕ್ಕೆ "ಚಂದ ಇದೆ" ಅನ್ನುವುದು ಬಿಟ್ಟು ಏನು ಹೇಳಲು ಸಾಧ್ಯ? ನೀವಿದ್ದ ಆಲ್ಮೇರೆಯ ಕಥೆಯನ್ನೇ ಅವರಿಗೆ ಹೇಳಿಲ್ಲ ಅನ್ನಿಸುತ್ತದೆ. ಅದು ಸಮುದ್ರದ ತಳದಲ್ಲಿ ಕಟ್ಟಿದ ಊರು. ಡಚ್ಚರು 1932ರಲ್ಲಿ 32 ಕಿಲೋಮೀಟರ್ ಉದ್ದದ ಏರಿ ಹಾಕಿ ಸಮುದ್ರದ ಒಂದು ತೋಳನ್ನೇ ಕಟ್ಟಿದರು. ಆಮೇಲೆ ಒಳಗೊಳಗೆ ಏರಿ ಹಾಕಿ, ಪಂಪಿನಿಂದ ನೀರು ಹೊರಗೆ ಹಾಕಿ, ಒಂದೊಂದೇ ತುಂಡು ನೆಲ ಎಬ್ಬಿಸಿದರು. ಆಲ್ಮೇರೆ ನಿಂತಿರುವ ತುಂಡು 1968ರಲ್ಲಿ ಒಣಗಿತು. 1976ರಲ್ಲಿ ಅಲ್ಲಿ ಮೊದಲ ಮನೆಗಳಿಗೆ ಜನ ಬಂದರು. ಇವತ್ತಿಗೂ ಪಂಪು ನಿಂತರೆ ನೀರು ವಾಪಸ್ ಬರುತ್ತದೆ.

ಲೆಕ್ಕ ಹಾಕಿ ನೋಡಿ. ಅಪ್ಪಯ್ಯನ ಊರು ನೀರಿಗೆ ಹೋದ ನಾಲ್ಕೇ ವರ್ಷಕ್ಕೆ, ಮಗಳು ಮುಂದೆ ಬಾಡಿಗೆಗೆ ಇರಲಿದ್ದ ಊರಿನ ನೆಲ ನೀರಿನಿಂದ ಮೇಲೆ ಬಂತು. ಇದನ್ನು ಅವರಿಗೆ ಹೇಳಿ. ಅವರು ಕೇಳುವ ಪ್ರಶ್ನೆಗಳನ್ನು ನಾನು ಇಲ್ಲಿಂದಲೇ ಊಹಿಸಬಲ್ಲೆ. ಆ ಮಣ್ಣು ಉಪ್ಪಿರಲಿಲ್ವಾ? ಮೊದಲು ಏನು ಬೆಳೆದರು? ಜಮೀನು ಯಾರಿಗೆ ಕೊಟ್ಟರು? ಮುಳುಗಡೆಯವರು ಯಾರಾದರೂ ಇದ್ದರಾ ಅಲ್ಲಿ? ಉತ್ತರ ಗೊತ್ತಿಲ್ಲದಿದ್ದರೆ ಇಬ್ಬರೂ ಕೂತು ಹುಡುಕಿ. ಹನ್ನೊಂದು ವರ್ಷ ಅಲ್ಲಿದ್ದರೂ ನೀವು ಕೇಳದ ಪ್ರಶ್ನೆಯನ್ನು ಅವರು ಕೇಳಬಹುದು.

ಗೆಳತಿಯ ಕಡೆಗೆ ಮತ್ತೆ ಬರುತ್ತೇನೆ. ಅವಳು ಕೇಳಲಿಲ್ಲ ಅನ್ನುವುದು ನಿಮ್ಮ ನೋವು. ನೀವು ಅವಳನ್ನು ಏನು ಕೇಳಿದಿರಿ? ಪತ್ರದಲ್ಲಿ ಅದಿಲ್ಲ. ತುಮರಿಗೆ ಹೋಗುವ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ಅವಳ ಬದುಕು ಹಿನ್ನೀರು ದಾಟಿಸುವ ಲಾಂಚಿನ ಟೈಮಿಗೆ ಕಟ್ಟಿದ ಬದುಕು. ಹೊತ್ತು ಮುಳುಗಿದ ಮೇಲೆ ಮಗುವಿಗೆ ಜ್ವರ ಬಂದರೆ ಲಾಂಚ್ ಇಲ್ಲ, ಕಾಡಿನ ದಾರಿ ಸುತ್ತಿ ಬಳಸಿ ಹೋಗಬೇಕು. ನೀವು ಆಲ್ಮೇರೆಯಿಂದ ಆಮ್‌ಸ್ಟರ್‌ಡ್ಯಾಮಿಗೆ ರೈಲಿನಲ್ಲಿ ಓಡಾಡಿದ ಆ ಹನ್ನೊಂದು ವರ್ಷ ಅವಳು ಆ ದಡದಲ್ಲಿ ಕಾದಿದ್ದಾಳೆ. ಅದನ್ನು ಅವಳೂ ಯಾರಿಗೂ ಬಿಡಿಸಿ ಹೇಳಿರಲಿಕ್ಕಿಲ್ಲ. ಅಲ್ಲಿ ಎಲ್ಲರಿಗೂ ಅದೇ ಬದುಕು, ಹೇಳುವುದೇನು? ಹೊರಗಿನಿಂದ ಬಂದ ನೀವೊಬ್ಬರೇ ಅವಳನ್ನು ಅದು ಕೇಳಬಹುದಾದವರು. ಇನ್ನೊಂದು ಸಲ ಹೋಗಿ. ಸೋಫಾ ಮೇಲೆ ಕೂರಬೇಡಿ, ಅವಳ ಜೊತೆ ಅಡುಗೆಮನೆಯಲ್ಲೇ ಇರಿ. ಕೆಸುವಿನ ಸೊಪ್ಪು ಸೋಸುತ್ತಾ ಬರುವ ಮಾತೇ ಬೇರೆ. ಕುಕ್ಕರ್ ಕೂಗಿದರೆ ನೀವೇ ಎದ್ದು ಆರಿಸಿ.

ಅಣ್ಣನ ಅಡಿಕೆ ರೇಟು ಕೂಡ ಹಾಗೇ. ರೇಟಿನ ಹಿಂದೆ ಕೊಳೆರೋಗ ಇದೆ, ಅದಕ್ಕೆ ಬೋರ್ಡೋ ಔಷಧಿ ಹೊಡೆಯಲು ಮಳೆ ಬಿಡುವು ಕೊಡುತ್ತದಾ ಅನ್ನುವ ಆತಂಕ ಇದೆ, ಮರ ಹತ್ತುವ ಕೊನೆಗೌಡರು ಸಿಗದ ಕಷ್ಟ ಇದೆ. ಈಗ ಕೆಲವು ವರ್ಷದಿಂದ ಎಲೆಚುಕ್ಕಿ ರೋಗ ಬೇರೆ. ತೋಟವೇ ಹೋದರೆ ಏನು ಗತಿ ಅನ್ನುವ ಭಯವನ್ನು ಗಂಡಸರು ಭಯ ಅಂತ ಹೇಳುವುದಿಲ್ಲ, ರೇಟು ಅಂತ ಹೇಳುತ್ತಾರೆ. ಕೊಯ್ಲಿನ ಕಾಲದಲ್ಲಿ ರಾತ್ರಿ ಸುಲಿಯಲು ಕೂರುವವರ ಜೊತೆ ನಾಲ್ಕು ದಿನ ಕೂತು ನೋಡಿ. ಸುಲಿಯಲು ಬರದಿದ್ದರೆ ಬೇಡ, ಕಾಫಿ ಕೊಡಿ, ಪಕ್ಕದಲ್ಲಿ ಕೂತಿರಿ. ಕೈ ಕೆಲಸ ಮಾಡುತ್ತಿರುವಾಗ ಮನುಷ್ಯರು ಎದುರಿನವರ ಮುಖ ನೋಡಬೇಕಿಲ್ಲ, ಅದಕ್ಕೇ ಜಾಸ್ತಿ ಹೇಳುತ್ತಾರೆ.

ಹಾಗಂತ ಎಲ್ಲವನ್ನೂ ನುಂಗಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಕೆಲಸಕ್ಕೆ ಬಂದವರಿಗೆ ಹೊರಗೆ ಬೇರೆ ಲೋಟದಲ್ಲಿ ಕಾಫಿ ಕೊಟ್ಟರೆ, ಮುಟ್ಟಾದ ಹುಡುಗಿಯನ್ನು ಮೂಲೆಗೆ ಕೂರಿಸಿದರೆ, ನಿಮಗೆ ಕಸಿವಿಸಿ ಆಗುತ್ತದಾ? ಆಗಲಿ. ಅದು ಹೊಂದಿಕೊಳ್ಳಬೇಕಾದ ಕಸಿವಿಸಿ ಅಲ್ಲ. ಮನೆಯಲ್ಲಿ ಹೇಳಿ, ಜಗಳ ಆದರೂ ಹೇಳಿ. ಆದರೆ "ಇವರು ಹೊರಗೆ ಹೋಗಿಲ್ಲ, ಅದಕ್ಕೇ ಹೀಗೆ" ಅಂತ ಮಾತ್ರ ಅಂದುಕೊಳ್ಳಬೇಡಿ. ಇಪ್ಪತ್ತು ವರ್ಷ ಹೊರದೇಶದಲ್ಲಿದ್ದು ಜಾತಿಯನ್ನು ಸೂಟ್‌ಕೇಸಿನಲ್ಲಿ ಜೋಪಾನವಾಗಿ ಇಟ್ಟುಕೊಂಡವರನ್ನು ನಾನು ನೋಡಿದ್ದೇನೆ. ನಿಮ್ಮದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಭೂಮಾಲೀಕರಿಗೆ ಎದುರು ನಿಂತವರು ಗೇಣಿ ರೈತರು. ಅವರ ಹೋರಾಟ ನೋಡಿ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದರು, ಬಂಧನಕ್ಕೂ ಒಳಗಾದರು. ಹೆಗ್ಗೋಡಿನಲ್ಲಿ 1949ರಲ್ಲಿ ಊರಿನವರು ಕಟ್ಟಿಕೊಂಡ ನೀನಾಸಂ ಇವತ್ತಿಗೂ ಜಗತ್ತಿನ ನಾಟಕಗಳನ್ನು ಕನ್ನಡದಲ್ಲಿ ಆಡುತ್ತದೆ. ನೋಡುವವರಲ್ಲಿ ಅಡಿಕೆ ತೋಟದ ಜನರೂ ಇದ್ದಾರೆ. ಮನಸ್ಸು ಅಗಲವಾಗಲು ವಿಮಾನ ಹತ್ತಲೇಬೇಕು ಅಂತ ಈ ನೆಲದಲ್ಲಿ ನಿಂತು ಹೇಳುವುದು ಕಷ್ಟ.

ಇಷ್ಟೆಲ್ಲಾ ಮಾಡಿದ ಮೇಲೂ ನಿಮ್ಮೊಳಗೆ ಒಂದು ಭಾಗ ಇಲ್ಲಿ ಒಂಟಿಯಾಗಿಯೇ ಉಳಿಯುತ್ತದೆ. ಅದನ್ನು ಮುಚ್ಚಿಟ್ಟು ನಿಮಗೆ ಸಮಾಧಾನ ಹೇಳಲಾರೆ. ಡಚ್ಚಿನಲ್ಲಿ ಜಗಳ ಆಡಿದವಳು, ಯಾರ ಮಗಳು ಅಂತ ಯಾರೂ ಕೇಳದ ಬೀದಿಯಲ್ಲಿ ನಿರಾಳವಾಗಿ ನಡೆದವಳು, ತನ್ನ ದುಡಿಮೆಯಲ್ಲಿ ತನ್ನ ಮನೆ ನಡೆಸಿದವಳು. ಅವಳನ್ನು ಕಂಡವರು ಈ ಊರಿನಲ್ಲಿ ಒಬ್ಬರೂ ಇಲ್ಲ. ಅತ್ತಿಗೆ ಎಷ್ಟೇ ಒಳ್ಳೆಯವರಾದರೂ ಆ ಸಾಕ್ಷಿ ಹೇಳಲು ಅವರಿಂದ ಆಗುವುದಿಲ್ಲ, ಅದನ್ನು ಅವರಿಂದ ಕೇಳುವುದು ಸರಿಯೂ ಅಲ್ಲ. ಅದಕ್ಕೆ ಅಲ್ಲಿನ ಗೆಳೆಯರೇ ಬೇಕು. ವಾರಕ್ಕೊಂದು ದಿನ, ಒಂದೇ ಹೊತ್ತಿಗೆ, ಅಲ್ಲಿನ ಒಬ್ಬರಿಗೆ ಫೋನ್ ಮಾಡಿ. ಡಚ್ಚಿನಲ್ಲೇ ಮಾತಾಡಿ. ಆ ಭಾಷೆ ಬಾಯಲ್ಲಿ ಆಡುತ್ತಿರಲಿ. ಮನೆಯವರ ಹತ್ತಿರ ಅದಕ್ಕೆ ತಪ್ಪಿತಸ್ಥ ಭಾವ ಬೇಡ. ಹೀಗೆ ಒಂದು ಕಡೆ ಆ ಹಸಿವು ತಣಿದರೆ ಮನೆಯವರ ಮೇಲೆ ಬೀಳುವ ಭಾರ ಇಳಿಯುತ್ತದೆ.

ಎರಡು ವಾರಕ್ಕೂ ಜಾಸ್ತಿ ನಿದ್ದೆ, ಊಟ ಸೇರದೆ ಇದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಇದು ಬರೀ ಊರಿಗೆ ಹೊಂದಿಕೊಳ್ಳುವ ಪ್ರಶ್ನೆಯಾಗಿ ಉಳಿದಿಲ್ಲ ಅಂತ ಅರ್ಥ. ಹತ್ತಿರದ ಮನೋವೈದ್ಯರನ್ನು ನೋಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನವಿಡೀ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ತಿರುಗಿ ಹೋಗಿಬಿಡಲಾ ಅಂತ ಕೇಳಿದ್ದೀರಿ. ಹೋಗಬೇಡಿ ಅಂತ ನಾನು ಹೇಳಲಾರೆ. ಅದು ನಿಮ್ಮ ಬದುಕು, ಅಲ್ಲಿ ನೀವು ಕಟ್ಟಿದ್ದೂ ನಿಜವಾದ ಬದುಕೇ. ಏಳು ತಿಂಗಳಿಗೆ ತೀರ್ಮಾನ ಮಾಡಬೇಡಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ. ಇಲ್ಲಿ ಒಂದು ಪೂರ್ತಿ ವರ್ಷ ಕಳೆಯಿರಿ. ಒಂದು ಮಳೆಗಾಲ, ಒಂದು ಭೂಮಿ ಹುಣ್ಣಿಮೆ, ಒಂದು ಕೊಯ್ಲು, ಒಂದು ಬೇಸಿಗೆ. ಆಮೇಲೆ ಹೋಗಬೇಕು ಅನ್ನಿಸಿದರೆ ಅಲ್ಲಿ ಬೇಕಾದದ್ದು ಇದೆ ಅಂತ ಹೋಗಿ. ಇಲ್ಲಿಯವರು ಚಿಕ್ಕವರು ಅಂತ ಹೋಗಬೇಡಿ.

ಬೇಸಿಗೆ ಅಂದಾಗ ನೆನಪಾಯಿತು. ಹಿನ್ನೀರು ಚೆನ್ನಾಗಿ ಇಳಿದ ವರ್ಷ ಮಡೆನೂರಿನ ಹಳೆಯ ಅಣೆಕಟ್ಟು ನೀರಿನಿಂದ ಮೇಲೆ ಕಾಣುತ್ತದೆ. ಲಿಂಗನಮಕ್ಕಿ ಬಂದಾಗ ಅದರೊಳಗೇ ಮುಳುಗಿದ ಅಣೆಕಟ್ಟು ಅದು. ಅದನ್ನು ನೋಡಲೆಂದೇ ಜನ ಹೋಗುತ್ತಾರೆ. ಅಷ್ಟು ಹೊತ್ತಿಗೆ ಅಪ್ಪಯ್ಯ ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕುವ ಹಾಗಿದ್ದರೆ, ಡಾಕ್ಟರು ಸರಿ ಅಂದರೆ, ಅವರನ್ನು ಕರೆದುಕೊಂಡು ಹೋಗಿ. ಗಾಡಿ ಎಲ್ಲಿಯವರೆಗೆ ಹೋಗುತ್ತದೆ ಅಂತ ಮೊದಲೇ ವಿಚಾರಿಸಿಕೊಳ್ಳಿ, ಒಂದು ಮಡಚುವ ಕುರ್ಚಿ ಇಟ್ಟುಕೊಳ್ಳಿ. ಅವರ ಊರು ಯಾವ ದಿಕ್ಕಿಗಿತ್ತು ಅಂತ ಕೇಳಿ. ಅವರು ಕೈ ತೋರಿಸಿ ಹೇಳಲು ಶುರು ಮಾಡಿದ ಮೇಲೆ ಫೋನ್ ಜೇಬಿನಲ್ಲಿಟ್ಟುಬಿಡಿ.